ಇನ್ನೂರ ಹನ್ನೆರಡನೆಯ ಸಾಲು

ಜನವರಿ 6

ಅಕ್ಕನಿಗೆ,

ಕಿವಿ ಹೇಗಿದೆ ಎಂದು ವಿಚಾರಿಸುವುದಿಲ್ಲ, ವಿಚಾರಿಸಿದರೆ ಬೈಯುತ್ತೀಯ. ಹೋದ ಸಲ ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿತು, ಸಾಹೇಬರು ಬೇರೆ ಯಾರಿಗೋ ಏನೋ ಆಯಿತೆಂದು ಹೊರಗೆ ಓಡಿಬಂದರು. ಮೆಸೇಜು ಕಳಿಸಿದರೆ ನೀನು ತೆಗೆದು ನೋಡುವವಳಲ್ಲ. ಅದಕ್ಕೇ ಈ ಪತ್ರ.

ನೀನು ಕೆಲಸ ಬಿಡುವಾಗ ಲ್ಯಾಬಿನಲ್ಲಿ ಬಿಟ್ಟುಹೋದ ಹಳೇ ಕಂಪ್ಯೂಟರ್ ಕೊನೆಗೂ ಕಣ್ಣು ಮುಚ್ಚಿತು. ಹೊಸದು ಬಂದಿದೆ. ನಿನ್ನ ಪ್ರೋಗ್ರಾಂ ಅದಕ್ಕೆ ಹಾಕಿದೆ. ಏಳುತ್ತದೆ, ರೇಡಿಯೋ ಅಳೆಯುವ ಅನಲೈಸರ್ ಜೊತೆ ಮಾತಾಡುತ್ತದೆ, ಏಳೆಂಟು ಪೆಟ್ಟಿಗೆ ಅಳೆಯುತ್ತದೆ, ಆಮೇಲೆ ಕೆಂಪು ಅಕ್ಷರದಲ್ಲಿ ‘ಉಪಕರಣದಿಂದ ಉತ್ತರ ಬಂದಿಲ್ಲ’ ಎಂದು ಬರೆದು ನಿಂತುಬಿಡುತ್ತದೆ. ಕೇಬಲ್ ಅಲುಗಾಡಿಸಿದರೆ ಕೆಲವು ಸಲ ಮುಂದಕ್ಕೆ ಹೋಗುತ್ತದೆ, ಕೆಲವು ಸಲ ಇಲ್ಲ. ಹಳೆಯದರಲ್ಲಿ ಹನ್ನೊಂದು ವರ್ಷ ಒಂದು ಸಲವೂ ನಿಂತಿರಲಿಲ್ಲವಲ್ಲ?

ಈ ತಿಂಗಳು ಅಗ್ನಿಶಾಮಕ ದಳದ ಎದೆಪೆಟ್ಟಿಗೆಗಳ ವರ್ಷದ ಪರೀಕ್ಷೆ. ಮುನ್ನೂರ ನಲವತ್ತು ಬಂದು ಬಿದ್ದಿವೆ. ಮೊನ್ನೆ ಮಗಳಿಗೆ ವಿವರಿಸಿದೆ: ಬೆಂಕಿಯೊಳಗೆ ಹೋದ ಮನುಷ್ಯ ಅರ್ಧ ನಿಮಿಷ ಅಲುಗಾಡದೆ ಬಿದ್ದಿದ್ದರೆ, ಅವನ ಎದೆಗೆ ಕಟ್ಟಿದ ಆ ಪೆಟ್ಟಿಗೆ ರೇಡಿಯೋದಲ್ಲಿ ತಾನಾಗಿಯೇ ಹೊರಗಿನವರನ್ನು ಕರೆಯುತ್ತದೆ, ಆ ಕರೆ ಎಷ್ಟು ಜೋರಾಗಿದೆ ಎಂದು ಅಳೆಯುವುದೇ ನನ್ನ ಕೆಲಸ ಎಂದು. ‘ಹಂಗಾದ್ರೆ ನಿಂದು ದೊಡ್ಡ ಕೆಲಸಾನೇ ಬಿಡಪ್ಪಾ’ ಅಂದಳು. ಇಲ್ಲಿ ನೋಡಿದರೆ ದೊಡ್ಡ ಕೆಲಸದವನು ಮೂರು ದಿನದಿಂದ ಹೊರಗಿನ ರೇಡಿಯೋ ನುಗ್ಗದ ತಗಡಿನ ಕೋಣೆಯಲ್ಲಿ ತಲೆಗೆ ಕೈಹೊತ್ತು ಕೂತಿದ್ದಾನೆ. ಅದರಲ್ಲೂ ಇನ್ನೂರ ಹನ್ನೆರಡನೆಯ ಪೆಟ್ಟಿಗೆ ನನ್ನ ಜೀವ ತಿಂದಿತು. ಮೂರು ಸಲ ಇಟ್ಟೆ, ಮೂರು ಸಲವೂ ನಿಂತಿತು. ಸ್ವಿಚ್ ಹಾಕಿದರೆ ಚೆನ್ನಾಗಿಯೇ ಕುಂಯ್ ಎನ್ನುತ್ತದೆ. ಸಿಟ್ಟು ಬಂದು ಪಕ್ಕಕ್ಕಿಟ್ಟೆ.

ಹದಿನೆಂಟರೊಳಗೆ ಎಲ್ಲ ವಾಪಸ್ ಹೋಗಬೇಕು. ಠಾಣೆಗಳಲ್ಲಿ ಬೇರೆ ಪೆಟ್ಟಿಗೆಗಳಿಲ್ಲ. ಏನು ಮಾಡಲಿ ಹೇಳು.

ನಿನ್ನ ಮೊದ್ದು ತಮ್ಮ


ಜನವರಿ 12

ಮೊದ್ದು,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಸ ಕಂಪ್ಯೂಟರನ್ನು ಬೈಯುವ ಮೊದಲು ಕೇಬಲ್ಲಿನ ಎರಡೂ ತುದಿಯ ತಿರುಪು ನೋಡು. ಬೆರಳಲ್ಲಿ ತಿರುಗಿಸಿ ಬಿಡುತ್ತೀಯ, ನನಗೆ ಗೊತ್ತಿಲ್ಲವೇ? ಆ ಟ್ರಾಲಿ ತಳ್ಳಿದಾಗಲೆಲ್ಲ ಸಡಿಲವಾಗುತ್ತದೆ. ಆಮೇಲೆ ಪ್ರೋಗ್ರಾಂ ಎಷ್ಟು ಹೊತ್ತು ಉತ್ತರಕ್ಕೆ ಕಾಯುತ್ತದೆ ನೋಡು. ಎರಡು ಸೆಕೆಂಡು ಇದ್ದರೆ ಐದು ಮಾಡು. ಪ್ರತಿ ಪೆಟ್ಟಿಗೆಗೂ ಮೊದಲು ಅನಲೈಸರಿನ ತಲೆಯಲ್ಲಿರುವ ಹಳೆಯದನ್ನೆಲ್ಲ ತೊಳೆಯುವ ಆದೇಶ ಹೋಗುತ್ತಿದೆಯೇ ನೋಡು.

ಇಷ್ಟಾದರೂ ನಿಂತರೆ, ಕಾರಣ ನನಗೆ ಹೊಳೆದಿದೆ. ಬಟ್ಟೆ ಒಣಗಿಸುತ್ತಿದ್ದಾಗ ತಟ್ಟನೆ ನೆನಪಾಯಿತು. ಹಳೆಯದರಲ್ಲಿ ನಾನೊಂದು ಸಾಲು ಸೇರಿಸಿದ್ದೆ: ಉತ್ತರ ಬರದಿದ್ದರೆ ನಿಲ್ಲಬೇಡ, ಮುಂದಿನದಕ್ಕೆ ಹೋಗು. ಅಮ್ಮ ಆಸ್ಪತ್ರೆಯಲ್ಲಿದ್ದ ವಾರ ಬರೆದದ್ದು. ಆ ಹಳೇ ಮಾತು ಹೊಸ ಕಂಪ್ಯೂಟರಿಗೆ ಅರ್ಥವಾಗುತ್ತಿಲ್ಲ, ಅದಕ್ಕೇ ಹಟ ಹಿಡಿದಿದೆ. ಹೊಸದಕ್ಕೆ ಹೇಗೆ ಬರೆಯಬೇಕೆಂದು ಈ ಹಾಳೆಯ ಹಿಂದೆ ಬರೆದಿದ್ದೇನೆ. ನೋಡಿಕೊಂಡು ಹಾಗೇ ಹೊಡೆ, ಒಂದು ಚುಕ್ಕೆಯನ್ನೂ ಬಿಡಬೇಡ.

ನೀನು ಕೇಳಿದ್ದು ಖುಷಿಯಾಯಿತು ಕಣೋ. ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕೆಳಗೆ ಬಟ್ಟೆ ಒಗೆಯುವ ಅಂಗಡಿ. ಅದರ ಯಂತ್ರಗಳ ಸದ್ದು ಕೇಳಿಸದಿದ್ದರೂ ನೆಲ ಅದುರುವುದು ಅಂಗಾಲಿಗೆ ತಿಳಿಯುತ್ತದೆ. ಎಷ್ಟು ಯಂತ್ರ ಓಡುತ್ತಿವೆ ಎಂದು ಹೇಳಬಲ್ಲೆ. ಅಷ್ಟರಮಟ್ಟಿಗೆ ನಿನ್ನ ಅಕ್ಕ ಇನ್ನೂ ತುಕ್ಕು ಹಿಡಿದಿಲ್ಲ.

ಮಗಳಿಗೆ ಮುದ್ದು ಹೇಳು.

ಅಕ್ಕ


ಜನವರಿ 19

ಅಕ್ಕಾ,

ನಿನ್ನ ಕಾಲಿಗೆ ಬೀಳಬೇಕು. ಸಾಲು ಹಾಕಿದ್ದೇ ತಡ, ಕುದುರೆಯ ಹಾಗೆ ಓಡಿತು. ಎರಡು ದಿನಕ್ಕೆ ಮುನ್ನೂರ ನಲವತ್ತೂ ಮುಗಿದವು. ಆ ಶನಿಯಂಥ ಇನ್ನೂರ ಹನ್ನೆರಡು ಕೂಡ ತೆಪ್ಪಗೆ ಪಾಸಾಯಿತು. ನಿನ್ನೆ ಎಲ್ಲ ಠಾಣೆಗಳಿಗೂ ಪೆಟ್ಟಿಗೆ ಹೋಯಿತು. ಸಾಹೇಬರು ‘ನಿಮ್ಮಕ್ಕನ ಕೈಯಲ್ಲಿ ಏನೋ ಇದೆ ಕಣ್ರೀ’ ಅಂದರು.

ಗಡಿಬಿಡಿಯಲ್ಲಿದ್ದೇನೆ. ಉದ್ದ ಪತ್ರ ಆಮೇಲೆ.

ಮೊದ್ದು


ಮಾರ್ಚ್ 2

ಅಕ್ಕಾ,

ಉದ್ದ ಪತ್ರ ಎಂದಿದ್ದೆ. ಇಂಥದ್ದು ಬರೆಯಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಫೆಬ್ರವರಿ ಇಪ್ಪತ್ತರ ಮಧ್ಯಾಹ್ನ ರಬ್ಬರ್ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಹೋದ ನಾಲ್ವರಲ್ಲಿ ಒಬ್ಬ ಹೊರಗೆ ಬರಲಿಲ್ಲ. ತುಂಬ ಎತ್ತರದ ಆಳು, ದಳದಲ್ಲಿ ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರಂತೆ. ಹೊಗೆಯಲ್ಲಿ ದಾರಿ ತಪ್ಪಿದ್ದಾನೆ. ಹೊರಗಿನವರು ಅವನ ಪೆಟ್ಟಿಗೆಯ ಕರೆ ಬಂದೀತೆಂದು ರೇಡಿಯೋ ಹಿಡಿದು ನಿಂತಿದ್ದರು. ಕರೆ ಬರಲಿಲ್ಲ. ಬಂದಿಲ್ಲ ಎಂದರೆ ಓಡಾಡಿಕೊಂಡಿದ್ದಾನೆ ಎಂದುಕೊಂಡರು. ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿದ, ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ.

ತನಿಖೆ ನಡೆಯುತ್ತಿದೆ. ಪೆಟ್ಟಿಗೆ ಕರಗಿ ಮುದ್ದೆಯಾಗಿದೆ, ಸ್ವಿಚ್ ಯಾವ ಕಡೆಗಿತ್ತು ಎಂದು ತಿಳಿಯುವುದಿಲ್ಲ. ತನಿಖೆಯವರು ನಮ್ಮ ಪಟ್ಟಿ ನೋಡಿದರು. ತಿಂಗಳ ಹಿಂದಷ್ಟೇ ಪಾಸಾಗಿದೆ ಎಂದಿದೆ. ಹಾಗಾದರೆ ಅವನೇ ಸ್ವಿಚ್ ಹಾಕಿಕೊಂಡಿರಲಿಲ್ಲ ಎಂದು ಬರೆದುಕೊಂಡು ಹೋದರು.

ಮೊನ್ನೆ ಅವನ ಹೆಂಡತಿ ಬಂದಿದ್ದರು. ಅಳಲಿಲ್ಲ, ಕೂಗಾಡಲಿಲ್ಲ. ಕೌಂಟರಿನ ಆಚೆ ನಿಂತು, ‘ಇನ್ನೂರ ಹನ್ನೆರಡು ಅಳೆದೋರು ಯಾರು?’ ಅಂದರು. ನಾನೇ ಎಂದೆ. ‘ನಮ್ಮನೆ ಠಾಣೆ ಹಿಂದಿನ ಕ್ವಾರ್ಟರ್ಸಲ್ಲಿದೆ. ಗಾಡಿ ಹತ್ತುವಾಗ ಒಬ್ಬೊಬ್ರೂ ಪೆಟ್ಟಿಗೆ ಆನ್ ಮಾಡ್ತಾರೆ, ಅದು ಕುಂಯ್ ಅನ್ನತ್ತೆ. ನಾನು ದಿನಾ ಎಣಿಸ್ತೀನಿ. ಅವತ್ತು ನಾಲ್ಕು ಜನ ಹತ್ತಿದ್ರು, ನಾಲ್ಕು ಸಲ ಕೇಳಿಸ್ತು. ಅವರಿಗೆ ಹೇಳಿದ್ರೆ ಹೆಂಡತಿ ಕಿವಿ ಸಾಕ್ಷಿ ಆಗಲ್ಲ ಅಂದ್ರು. ಆ ಪಟ್ಟಿ ಸ್ವಲ್ಪ ತೋರಿಸ್ತೀರಾ?’

ತೋರಿಸಿದೆ. ಬೆರಳಿಟ್ಟು ಓದಿದರು. 211ರ ಮುಂದೆ 26.847. 212ರ ಮುಂದೆ 26.847.

‘ಎರಡೂ ಒಂದೇ ಇದೆಯಲ್ಲ?’

‘ಒಂದೇ ಕಡೆ ತಯಾರಾದ ಮಾಲು ಅಮ್ಮಾ, ಒಂದೇ ಥರ ಬರತ್ತೆ’ ಎಂದೆ.

‘ನಾನು ಲಾರಿ ತೂಗೋ ವೇಬ್ರಿಜ್‌ನಲ್ಲಿ ಕೂತ್ಕೊಳ್ತೀನಿ ಸಾರ್. ಒಂದೇ ಥರದ ಲಾರಿ, ಒಂದೇ ಕಡೆಯ ಜಲ್ಲಿ. ಆದ್ರೂ ಹಿಂದೆ ಮುಂದೆ ಬಂದ ಎರಡು ಲಾರಿ ಕೊನೇ ಅಂಕೆ ತನಕ ಒಂದೇ ತೂಗಿದ್ರೆ ನಾನು ಎರಡನೇದನ್ನ ವಾಪಸ್ ಕರೀತೀನಿ. ಮೊದಲನೇದು ಇನ್ನೂ ಅಳಿಸಿಲ್ಲ ಅಂತ ಅರ್ಥ.’

ನನಗೆ ಬಾಯಿ ಒಣಗಿತು. ಇದು ಬೇರೆ ಥರದ ಅಳತೆ ಎಂದು ಏನೇನೋ ಹೇಳಿ ಕಳಿಸಿದೆ. ಅಕ್ಕಾ, ಎರಡು ಪೆಟ್ಟಿಗೆಗೆ ಒಂದೇ ಅಂಕೆ ಬರುವುದುಂಟಲ್ಲ? ನಿನಗೆ ಗೊತ್ತಿರುತ್ತದೆ. ಉಂಟು ಎಂದು ಒಂದು ಸಾಲು ಬರೆ, ಸಾಕು.

ತಮ್ಮ


ಮಾರ್ಚ್ 9

ತಮ್ಮಾ,

ಇಲ್ಲ. ನೀನು ಕೇಳಿದ್ದಕ್ಕೆ ಇದೇ ಉತ್ತರ. ಒಂದೇ ಪೆಟ್ಟಿಗೆಯನ್ನು ಒಂದೇ ಜಾಗದಲ್ಲಿಟ್ಟು ಹತ್ತು ಸಲ ಅಳೆದರೂ ಕೊನೆಯ ಅಂಕೆ ಅಲುಗಾಡುತ್ತಲೇ ಇರುತ್ತದೆ. ನೀನು ಕೆಲಸಕ್ಕೆ ಸೇರಿದ ದಿನ ನಾನು ಹೇಳಿಕೊಟ್ಟ ಮೊದಲ ಪಾಠ ಅದು. ನೀನು ಮರೆತಿಲ್ಲ. ಮರೆತಿದ್ದರೆ ನಿನ್ನ ಬಾಯಿ ಒಣಗುತ್ತಿರಲಿಲ್ಲ.

ನಿನ್ನ ಜನವರಿಯ ಪತ್ರ ತೆಗೆದು ಓದಿದೆ. ಇನ್ನೂರ ಹನ್ನೆರಡನ್ನು ಮೂರು ಸಲ ಇಟ್ಟೆ, ಮೂರು ಸಲವೂ ನಿಂತಿತು ಎಂದು ಬರೆದಿದ್ದೀಯ. ಅದನ್ನು ಓದಿಯೂ ನಾನು ನಿನಗೆ ಆ ಸಾಲು ಬರೆದು ಕಳಿಸಿದ್ದೇನೆ.

ಬಿಡಿಸಿ ಹೇಳುತ್ತೇನೆ, ನಾಳೆ ಯಾರಾದರೂ ಕೇಳಿದರೆ ನಿನಗೂ ಬೇಕಾಗುತ್ತದೆ. ಸ್ವಿಚ್ ಹಾಕಿದಾಗಿನ ಕುಂಯ್ ಬೇರೆ, ರೇಡಿಯೋ ಬೇರೆ. ರೇಡಿಯೋ ಸತ್ತಿದ್ದರೂ ಪೆಟ್ಟಿಗೆ ಕುಂಯ್ ಎನ್ನುತ್ತದೆ. ಅನಲೈಸರ್ ಮಾತ್ರ ರೇಡಿಯೋ ಬಂದರೆ ಅಳೆಯುತ್ತದೆ, ಬರದಿದ್ದರೆ ಸುಮ್ಮನೆ ಕಾಯುತ್ತದೆ. ಆಗ ಉತ್ತರವಿಲ್ಲವೆಂದು ಪ್ರೋಗ್ರಾಂ ನಿಲ್ಲಬೇಕು. ನಾನು ನಿಲ್ಲಬೇಡ, ಮುಂದಕ್ಕೆ ಹೋಗು ಎಂದೆ. ಅನಲೈಸರಿನ ತಲೆ ತೊಳೆದರೂ, ಪ್ರೋಗ್ರಾಂ ತನ್ನಲ್ಲೇ ಹಿಡಿದಿಟ್ಟುಕೊಂಡ ಹಿಂದಿನ ಪೆಟ್ಟಿಗೆಯ ಅಂಕೆ ಅಳಿಸು ಎಂದು ಹೇಳಲಿಲ್ಲ. ಹಾಗಾಗಿ ಸತ್ತ ಪೆಟ್ಟಿಗೆಗೆ ಅದರ ಹಿಂದಿನದರ ಅಂಕೆಯೇ ಬಿತ್ತು. ಆ ಹೆಣ್ಣುಮಗಳು ಬೆರಳಿಟ್ಟು ತೋರಿಸಿದ್ದು ಅದನ್ನೇ. ನಿನ್ನ ಹೊಸ ಕಂಪ್ಯೂಟರ್ ಕೆಟ್ಟಿರಲಿಲ್ಲ ಕಣೋ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದು ನಿಜ ಹೇಳುತ್ತಿತ್ತು, ನಾವಿಬ್ಬರೂ ಸೇರಿ ಅದರ ಬಾಯಿ ಮುಚ್ಚಿಸಿದೆವು.

ಆ ಸಾಲು ಬರೆದ ದಿನ ನಿನಗೆ ನೆನಪಿದೆಯೇ? ನೀನು ಹೊಸಬ. ನಾನು ಆಸ್ಪತ್ರೆಯಲ್ಲಿ. ಗಂಟೆಗೊಂದು ಸಲ ನಿನ್ನ ಫೋನು, ‘ಅಕ್ಕಾ, ಮತ್ತೆ ನಿಂತ್ಹೋಯ್ತು.’ ಅಮ್ಮ ಕೊನೆಗೆ, ‘ಆ ಫೋನ್ ಆಚೆ ಇಟ್ಟು ಒಂದ್ ಗಳಿಗೆ ನನ್ನ ಮುಖ ನೋಡೇ’ ಅಂದಳು. ಅವಳು ನಿದ್ದೆ ಹೋದಾಗ ಓಡಿಬಂದು, ಕುರ್ಚಿಯ ಮೇಲೆ ಕೂಡ ಕೂರದೆ ಆ ಸಾಲು ಹೊಡೆದೆ. ಪಕ್ಕದಲ್ಲಿ ‘ತಾತ್ಕಾಲಿಕ, ವಾಪಸ್ ಬಂದ ಮೇಲೆ ತೆಗೆಯಬೇಕು’ ಎಂದೂ ಬರೆದೆ. ಮೂರನೇ ದಿನ ಅಮ್ಮ ಹೋದಳು. ವಾಪಸ್ ಬಂದವಳಿಗೆ ಆ ಸಾಲನ್ನು ತೆರೆದು ನೋಡಲು ಮನಸ್ಸಾಗಲಿಲ್ಲ. ನೋಡಿದರೆ ಆ ವಾರ ನೆನಪಾಗುತ್ತಿತ್ತು. ಈ ಜನವರಿಯಲ್ಲಿ ಮಾತ್ರ ಎಷ್ಟು ಚೆನ್ನಾಗಿ ನೆನಪಿದೆ ನೋಡು ಎಂದು ಮೆರೆದೆ.

ಈಗ ಅಳುತ್ತಾ ಕೂರುವ ಹೊತ್ತಲ್ಲ. ಪಟ್ಟಿಯಲ್ಲಿ ಮೇಲಿನ ಸಾಲಿನ ಅಂಕೆಯೇ ಇರುವ ಪೆಟ್ಟಿಗೆಗಳು ಎಷ್ಟಿವೆ ಎಣಿಸು. ಅವು ಇವತ್ತೂ ಯಾರ ಯಾರದೋ ಎದೆಯ ಮೇಲಿವೆ. ಇವತ್ತೇ ವಾಪಸ್ ತರಿಸು. ಸಾಹೇಬರಿಗೆ ಹೇಳು, ತನಿಖೆಯವರಿಗೆ ಹೇಳು. ಸಾಲು ಬರೆದವಳು ಅಕ್ಕ ಎಂದು ಹೇಳು, ನಾನು ಬಂದು ನಿಲ್ಲುತ್ತೇನೆ.

ಅಕ್ಕ


ಮಾರ್ಚ್ 30

ಅಕ್ಕಾ,

ಮೂರು ವಾರ ಬರೆಯಲಿಲ್ಲ. ಬರೆಯಲು ಕೂತರೆ ಕೈ ಬರಲಿಲ್ಲ.

ಎಣಿಸಿದೆ. ಐವತ್ತೇಳು ಇವೆ, ಇನ್ನೂರ ಹನ್ನೆರಡೂ ಸೇರಿ. ಅಷ್ಟೂ ಸತ್ತಿಲ್ಲ, ಬಹಳಷ್ಟು ಕೇಬಲ್ ಸಡಿಲವಾಗಿಯೇ ತಪ್ಪಿರುತ್ತವೆ. ಸಾಹೇಬರ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ ಬಂದೆ. ಆಮೇಲೆ ತನಿಖೆಯ ವರದಿ ಬಂತು. ‘ಮೃತರು ಸಾಧನವನ್ನು ಚಾಲೂ ಮಾಡಿರಲಿಲ್ಲ’ ಎಂದಿದೆ. ಮುಗಿಯಿತು. ಈಗ ಬಾಯಿ ಬಿಟ್ಟರೆ ನನಗೆ ಈ ಕೆಲಸ ಹೋಗುತ್ತದೆ, ಬೇರೆಲ್ಲೂ ಸಿಗುವುದಿಲ್ಲ. ಜೈಲಾದರೂ ಆದೀತು. ಮಗಳ ಮುಖ ಕಣ್ಣೆದುರು ಬರುತ್ತದೆ. ಸತ್ತವನು ಎದ್ದು ಬರುತ್ತಾನಾ ಅಕ್ಕಾ?

ಆ ಸಾಲು ತೆಗೆದುಹಾಕಿದ್ದೇನೆ. ಇನ್ನು ಮೇಲೆ ಪ್ರೋಗ್ರಾಂ ನಿಲ್ಲುತ್ತದೆ. ಬರುವ ಜನವರಿಯಲ್ಲಿ ಐವತ್ತಾರೂ ಪೆಟ್ಟಿಗೆ ತಾವಾಗಿಯೇ ಬರುತ್ತವಲ್ಲ, ಆಗ ಕೆಟ್ಟದ್ದನ್ನು ಸದ್ದಿಲ್ಲದೆ ತೆಗೆದುಬಿಡುತ್ತೇನೆ. ಹಳೇ ಕಂಪ್ಯೂಟರ್ ಗುಜರಿಗೆ ಹೋಗಿದೆ. ನೀನು ಹಾಳೆಯ ಹಿಂದೆ ಬರೆದುಕೊಟ್ಟಿದ್ದನ್ನು ಸುಟ್ಟಿದ್ದೇನೆ. ಉಳಿದಿರುವುದು ಒಂದೇ. ಜನವರಿ ಆರನೇ ತಾರೀಖಿನ ನನ್ನ ಪತ್ರ. ಅದನ್ನೂ ಸುಡು. ಕೈ ಮುಗಿದು ಕೇಳುತ್ತೇನೆ.

ಇನ್ನೊಂದು ಮಾತು, ನಿನ್ನ ಹತ್ತಿರ ಅಲ್ಲದೆ ಯಾರ ಹತ್ತಿರ ಹೇಳಲಿ? ನಿನ್ನ ಸಾಲು ಹಾಕಿದ ಮೇಲೆ ಇನ್ನೂರ ಹನ್ನೆರಡರ ಸರದಿ ಬಂದಾಗ ನಾನು ಪರದೆಯನ್ನೇ ನೋಡುತ್ತಿದ್ದೆ. ಮೇಲಿನ ಅಂಕೆಯೇ ಕೆಳಗೂ ಬಿತ್ತು. ಕಂಡಿತು ಅಕ್ಕಾ. ಒಂದು ಕ್ಷಣ ಕೈ ನಿಂತಿತು. ಇನ್ನೂ ನೂರ ಇಪ್ಪತ್ತೆಂಟು ಪೆಟ್ಟಿಗೆ ಸಾಲಾಗಿ ಕಾಯುತ್ತಿದ್ದವು. ಪಾಸ್ ಎಂದು ಹಸಿರು ಬಂದಿತ್ತು. ಮುಂದಿನದನ್ನು ಎತ್ತಿಟ್ಟೆ.

ಸುಟ್ಟ ಮೇಲೆ ಒಂದು ಕಾರ್ಡು ಹಾಕು. ಸುಟ್ಟೆ ಎಂದೂ ಬರೆಯಬೇಡ, ಬರೀ ಕ್ಷೇಮ ಎಂದು ಬರೆ.

ನಿನ್ನ ತಮ್ಮ


ಏಪ್ರಿಲ್ 5

ಮೊದ್ದು,

ನಿನ್ನ ಪತ್ರಗಳನ್ನು ಸುಡಲಿಲ್ಲ. ಜನವರಿಯದು, ಮಾರ್ಚ್ ಎರಡರದು, ಮೊನ್ನೆಯದು, ಮೂರನ್ನೂ ನಿನ್ನೆ ತನಿಖಾಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಜೊತೆಗೆ ನಾನು ಮಾಡಿದ್ದನ್ನು ನಾಲ್ಕು ಪುಟ ಬರೆದೆ. ವೇಬ್ರಿಜ್‌ನ ಆ ಹೆಣ್ಣುಮಗಳಿಗೂ ಠಾಣೆಯ ವಿಳಾಸಕ್ಕೆ ಬರೆದೆ. ಪೋಸ್ಟಿನವನು ರಸೀದಿ ಕೊಟ್ಟು ಏನೋ ಅಂದ, ಕೇಳಿಸಲಿಲ್ಲ.

ಮೊನ್ನೆಯ ಪತ್ರ ಬೇಡ, ಜನವರಿಯದಷ್ಟೇ ಸಾಕು ಎಂದು ಒಂದು ದಿನವೆಲ್ಲ ಯೋಚಿಸಿದೆ. ‘ಕಂಡಿತು ಅಕ್ಕಾ’ ಎಂದು ನೀನು ಬರೆದ ಸಾಲನ್ನು ಕತ್ತರಿಯಲ್ಲಿ ಕತ್ತರಿಸಿಬಿಡಲೇ ಎಂದೂ ಅನ್ನಿಸಿತು. ಕತ್ತರಿ ಕೈಯಲ್ಲಿ ಹಿಡಿದಿದ್ದೆ. ಒಂದು ಸಲ ತಮ್ಮನ ಮೇಲಿನ ಪ್ರೀತಿಗೇ ಪ್ರೋಗ್ರಾಂನಲ್ಲಿ ಆ ಸಾಲು ಬರೆದವಳು ನಾನು. ಇನ್ನೊಂದು ಸಲ ಅದೇ ಪ್ರೀತಿಗೆ ಇನ್ನೇನನ್ನೋ ಮಾಡಿದರೆ ಇನ್ಯಾರು ಸಾಯುತ್ತಾರೋ ಎಂದು ಹೆದರಿಕೆಯಾಯಿತು.

ಬರುವ ಜನವರಿ ಎಂದು ಬರೆದಿದ್ದೀಯ. ಐವತ್ತಾರು ಜನ ಜನವರಿಯ ತನಕ ಬೆಂಕಿಗೆ ಹೋಗದೆ ಮನೆಯಲ್ಲಿ ಕೂರುತ್ತಾರೇನೋ? ಎಷ್ಟು ಸುಲಭವಾಗಿ ಬರೆದೆ! ನಿನ್ನನ್ನು ಎತ್ತಿ ಆಡಿಸಿದ ಕೈಯಲ್ಲೇ ನಿನ್ನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆದಿದ್ದೇನೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ನಿನ್ನ ಪಕ್ಕದಲ್ಲೇ ಕೂತು ನಾನೂ ಉಣ್ಣುತ್ತೇನೆ.

ಸಿಟ್ಟಿದ್ದರೆ ಬೈದಾದರೂ ಬರೆ. ಬರೆಯದೆ ಇರಬೇಡ.

ಅಕ್ಕ


ಮೇ 18

ಅಮ್ಮನವರಿಗೆ,

ನಿಮ್ಮ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ಎರಡನೇ ಪತ್ರದಲ್ಲಿ, ನಿಮ್ಮ ತಮ್ಮ ನಿಮಗೆ ಒಂದು ಅಕ್ಷರವನ್ನೂ ಬರೆದಿಲ್ಲ, ಅಲ್ಲಿ ಏನಾಯಿತೆಂದು ತಿಳಿಯಲಿಲ್ಲ ಎಂದು ಕೇಳಿದ್ದೀರಿ. ಅದಕ್ಕಾಗಿ ಬರೆಯುತ್ತಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ.

ಐವತ್ತಾರು ಪೆಟ್ಟಿಗೆಗಳನ್ನು ವಾಪಸ್ ತರಿಸಿದರು. ಮತ್ತೆ ಅಳೆಯುವಾಗ ನಾನು ಇರಬೇಕು ಎಂದು ಹಟ ಹಿಡಿದೆ. ಮೊದಲು ಆಗುವುದಿಲ್ಲ ಎಂದರು, ಆಮೇಲೆ ಒಪ್ಪಿದರು. ನಿಮ್ಮ ತಮ್ಮನನ್ನು ಕೆಲಸದಿಂದ ತೆಗೆದಿದ್ದಾರೆ, ಕೇಸೂ ಹಾಕಿದ್ದಾರೆ. ಆ ಯಂತ್ರ ಗೊತ್ತಿದ್ದವರು ಬೇರೆ ಯಾರೂ ಇಲ್ಲವೆಂದು ಆ ಒಂದು ದಿನಕ್ಕೆ ಕರೆಸಿದ್ದರು. ಬೇರೆ ಪ್ರಯೋಗಾಲಯದವರೊಬ್ಬರು ಪಕ್ಕದಲ್ಲೇ ನಿಂತಿದ್ದರು. ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ತಗಡಿನ ಕೋಣೆಯಲ್ಲಿ ನಿಮ್ಮ ತಮ್ಮ ಒಂದೊಂದೇ ಪೆಟ್ಟಿಗೆ ಇಟ್ಟು, ಯಂತ್ರದಲ್ಲಿ ಬಂದ ಅಂಕೆಯನ್ನು ಜೋರಾಗಿ ಓದಿ, ಕೈಯಲ್ಲಿ ಬರೆದರು. ನಾನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಒಂದರ ಹಾಗೆ ಇನ್ನೊಂದು ಬರಲಿಲ್ಲ. ಎಂಟು ಪೆಟ್ಟಿಗೆಗಳು ಏನೂ ಕೊಡಲಿಲ್ಲ. ಸ್ವಿಚ್ ಹಾಕಿದಾಗ ಅವೆಂಟೂ ಕುಂಯ್ ಎಂದವು. ಅವುಗಳಲ್ಲಿ ಒಂದು, ಆ ದಿನ ನಮ್ಮನೆಯವರ ಹಿಂದೆಯೇ ಗಾಡಿ ಹತ್ತಿದವರದು. ಅವರಿಗೆ ಎರಡು ಮಕ್ಕಳು.

ವರದಿಯಲ್ಲಿ ಚಾಲೂ ಮಾಡಿರಲಿಲ್ಲ ಎಂಬ ಮಾತನ್ನು ತೆಗೆದು, ತಿಳಿದುಬಂದಿಲ್ಲ ಎಂದು ಬರೆದಿದ್ದಾರೆ. ನನಗೆ ತಿಳಿದಿದೆ. ನಾನು ನಾಲ್ಕು ಎಣಿಸಿದ್ದೇನೆ.

ನಿಮ್ಮ ಪತ್ರದಲ್ಲಿ ತಪ್ಪೆಲ್ಲ ನನ್ನದು, ಅವನು ಹೇಳಿದ್ದನ್ನು ಮಾಡಿದ ಎಂದು ಬರೆದಿದ್ದೀರಿ. ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಅವರೊಬ್ಬರೇ ಕೂತಿದ್ದರು. ನಾನು ಕೇಳದಿದ್ದರೂ, ‘ಅಕ್ಕನ ಮಾತು ನಂಬಬೇಡಿ, ನನಗೆ ಕಾಣಿಸಿತ್ತು’ ಅಂದರು. ನಾನು ಒಳಗೆ ಹೋದೆ. ನೀವು ಬರೆದದ್ದು ಒಳ್ಳೆಯದಾಯಿತು, ಆ ಎಂಟು ಜನರಿಗೆ. ನನ್ನ ಹೊಟ್ಟೆಯ ಬೆಂಕಿ ಅದರಿಂದ ಆರುವುದಿಲ್ಲ. ಇನ್ನು ಮುಂದೆ ನನಗೆ ಬರೆಯಬೇಡಿ.

ಒಂದು ಮಾತು ಉಳಿದಿದೆ. ಎಲ್ಲ ಮುಗಿದ ಮೇಲೆ ನಿಮ್ಮ ತಮ್ಮ ಪಟ್ಟಿಯ ಕೊನೆಗೆ 212 ಎಂದು ಬರೆದರು. ಅದರ ಮುಂದೆ ಪೆನ್ನು ಇಟ್ಟುಕೊಂಡು ಬಹಳ ಹೊತ್ತು ಕೂತರು. ಏನು ಬರೆಯಲಿ ಎಂಬಂತೆ ನನ್ನ ಮುಖ ನೋಡಿದರು.

‘ಖಾಲಿ ಬಿಡಿ. ಮೇಲಿನದನ್ನ ಎತ್ತಿ ಬರೀಬೇಡಿ’ ಎಂದೆ.

ಖಾಲಿ ಬಿಟ್ಟು ಸಹಿ ಹಾಕಿದರು.

ಇನ್ನೂರ ಹನ್ನೆರಡರ ಹೆಂಡತಿ